ಅಪ್ಪನ ಎಡಗಣ್ಣು, ಮೂರು ಮಿಲಿಮೀಟರ್: ಒಂದು ಎಣ್ಣೆಬಣ್ಣದ ಭಾವಚಿತ್ರದ ದಿನಚರಿ

ಒಂಬತ್ತನೆಯ ಸಲ ಅಪ್ಪ ಕೂತು ಎದ್ದುಹೋದ ಮೇಲೆ ಕ್ಯಾನ್ವಾಸಿನ ಮೇಲಿದ್ದ ಅವರ ಎಡಗಣ್ಣನ್ನು, ಬಣ್ಣ ಕಲಸುವ ಪ್ಯಾಲೆಟ್ ನೈಫ್‌ನಿಂದ ಕೆರೆದು ತೆಗೆದೆ. ಎರಡು ದಿನ ಹಿಡಿದು ಬರೆದ ಕಣ್ಣು ಅದು. ಕೆಳರೆಪ್ಪೆಯ ಅಂಚಿನ ತೇವ, ಪಾಪೆಯ ಮೇಲಿನ ಬೆಳಕಿನ ಚುಕ್ಕೆ, ಮೇಲಿನ ರೆಪ್ಪೆ ಕಣ್ಣಗುಡ್ಡೆಯ ಮೇಲೆ ಚೆಲ್ಲುವ ನೆರಳು ಎಲ್ಲವೂ ಚೆನ್ನಾಗಿಯೇ ಕೂತಿದ್ದವು. ಇರಬೇಕಾದ ಜಾಗದಲ್ಲಿ ಕಣ್ಣು ಮಾತ್ರ ಇರಲಿಲ್ಲ. ಮೂರು ಮಿಲಿಮೀಟರ್ ಮೇಲಕ್ಕೆ ಹೋಗಿತ್ತು.

ಪೆನ್ಸಿಲಿನಲ್ಲಿ ಮುಖ ಬರೆದು ಆರು ವರ್ಷದ ರೂಢಿಯಿದೆ. ಎಣ್ಣೆಬಣ್ಣದಲ್ಲಿ ಇದಕ್ಕೆ ಮೊದಲು ಮಾಡಿದ್ದು ಎರಡೇ ಚಿತ್ರ, ಎರಡೂ ಪಾತ್ರೆ-ಬಟ್ಟೆಗಳ ಚಿತ್ರ. ಜೀವಂತ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು, ಕಂಡದ್ದನ್ನು ಕಂಡಂತೆ ಬರೆಯಲು ಹೊರಟದ್ದು ಇದೇ ಮೊದಲು. ಆರು ವಾರದಲ್ಲಿ ಹದಿನಾಲ್ಕು ಸಲ ಅಪ್ಪ ಕೂತರು. ಪ್ರತಿ ಸಲ ಮುಗಿದ ಮೇಲೆ ಕೈ ತೊಳೆದು ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದನ್ನು ಇಲ್ಲಿ ಜೋಡಿಸಿದ್ದೇನೆ.

ಕ್ಯಾನ್ವಾಸ್, ಬೆಳಕು, ಕುರ್ಚಿ

ಕ್ಯಾನ್ವಾಸ್ 16×20 ಇಂಚಿನದು. ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ, ಗೆಸ್ಸೊ, ಬಳಿದೇ ಬಂದಿತ್ತು, ಆದರೂ ನಾನು ಇನ್ನೆರಡು ಕೋಟ್ ಹೊಡೆದೆ. ಒಂದೊಂದು ಕೋಟ್ ಒಣಗಿದ ಮೇಲೂ 400 ನಂಬರಿನ ಉಜ್ಜುಕಾಗದದಿಂದ ಹಗುರಾಗಿ ತಿಕ್ಕಿದೆ. ಬಟ್ಟೆಯ ನೇಯ್ಗೆ ಎದ್ದು ಕಾಣುವ ಕ್ಯಾನ್ವಾಸಿನ ಮೇಲೆ ಕಣ್ಣು, ತುಟಿಯಂಥ ಸಣ್ಣ ಜಾಗದಲ್ಲಿ ಬ್ರಶ್ ಎಡವುತ್ತಲೇ ಇರುತ್ತದೆ. ಗೆಸ್ಸೊ ನುಣುಪಿಗಷ್ಟೇ ಅಲ್ಲ. ಬಣ್ಣದಲ್ಲಿರುವ ಅಗಸೆ ಎಣ್ಣೆ ನೇರವಾಗಿ ಬಟ್ಟೆಗೆ ಇಳಿದರೆ ಅದರ ಆಮ್ಲ ವರ್ಷಗಳುದ್ದಕ್ಕೂ ನೂಲನ್ನು ತಿನ್ನುತ್ತದೆ. ಹಿಂದಿನ ಚಿತ್ರಕಾರರು ಮೊಲದ ಚರ್ಮದ ಅಂಟನ್ನು ಮೊದಲು ಬಳಿಯುತ್ತಿದ್ದದ್ದೂ ನಡುವೆ ಇಂಥದೊಂದು ತಡೆ ಬೇಕೆಂದೇ.

ಬಿಳಿ ಕ್ಯಾನ್ವಾಸಿನ ಮೇಲೆ ನೇರವಾಗಿ ಶುರು ಮಾಡಬಾರದೆಂದು ಮೊದಲ ಎರಡು ಚಿತ್ರಗಳಲ್ಲೇ ತಿಳಿದಿತ್ತು. ಬಿಳಿಯ ಪಕ್ಕದಲ್ಲಿ ಯಾವ ಬಣ್ಣವಿಟ್ಟರೂ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಹೆದರಿ ಕೈ ಎಲ್ಲವನ್ನೂ ತೆಳುಮಾಡಿಬಿಡುತ್ತದೆ. ಹಾಗಾಗಿ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣಕ್ಕೆ ಚೂರು ಅಲ್ಟ್ರಾಮರೀನ್ ನೀಲಿ ಸೇರಿಸಿ, ಟರ್ಪೆಂಟೈನಿನಲ್ಲಿ ನೀರಾಗಿಸಿ, ಇಡೀ ಕ್ಯಾನ್ವಾಸಿಗೆ ಬಳಿದು ಬಟ್ಟೆಯಿಂದ ಒರೆಸಿದೆ. ಮಬ್ಬು ಕಂದು ಉಳಿಯಿತು, ಕತ್ತಲೆಯೂ ಅಲ್ಲದ, ಬೆಳಕೂ ಅಲ್ಲದ ಬಣ್ಣ. ಅದನ್ನು ಎರಡು ದಿನ ಒಣಗಲು ಬಿಟ್ಟೆ.

ಬೆಳಕಿಗೆ ಒಂದೇ ಕಿಟಕಿ. ಉಳಿದ ಪರದೆಗಳನ್ನೆಲ್ಲ ಎಳೆದು ಟ್ಯೂಬ್‌ಲೈಟ್ ಆರಿಸಿದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಕಪ್ಪು ಬಟ್ಟೆ ಕಟ್ಟಿದ್ದರಿಂದ ಬೆಳಕು ಮೇಲಿನಿಂದ ಓರೆಯಾಗಿ ಅಪ್ಪನ ಬಲಗೆನ್ನೆಗೆ ಬಿತ್ತು. ಮೂಗಿನ ನೆರಳು ಎಡಕ್ಕೆ ಜಾರಿತು, ಎಡ ಕಣ್ಣಕುಳಿ ಅರ್ಧ ನೆರಳಿಗೆ ಹೋಯಿತು. ಬಿಸಿಲು ನೇರ ಬೀಳದ ಕಿಟಕಿ, ಬರುವುದು ಆಕಾಶದ ಬೆಳಕು. ಅದರಲ್ಲಿ ನೀಲಿಯ ಅಂಶವಿರುವುದರಿಂದ ಬೆಳಕು ಬಿದ್ದ ಕಡೆ ಚರ್ಮ ತಣ್ಣಗೆ ಕಾಣುತ್ತದೆ, ನೆರಳು ಬೆಚ್ಚಗಾಗುತ್ತದೆ. ಆಮೇಲೆ ಬಣ್ಣ ಕಲಸುವಾಗ ನನಗೆ ದಿಕ್ಕು ತೋರಿದ್ದು ಇದೊಂದೇ ವಿಷಯ.

ಕುರ್ಚಿಯ ನಾಲ್ಕೂ ಕಾಲಿಗೆ ನೆಲದ ಮೇಲೆ ಟೇಪು ಅಂಟಿಸಿದೆ. ಅಪ್ಪನ ದೃಷ್ಟಿ ನಿಲ್ಲಲು ಗೋಡೆಯ ಮೇಲೊಂದು ಗುರುತು, ನಾನು ನಿಲ್ಲುವ ಜಾಗಕ್ಕೆ ಇನ್ನೊಂದು. ಇಪ್ಪತ್ತು ನಿಮಿಷ ಕೂರುವುದು, ಐದು ನಿಮಿಷ ಎದ್ದು ಓಡಾಡುವುದು, ಮತ್ತೆ ಕೂರುವುದು. ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ. ಆಮೇಲೆ ಎದುರಿನ ಗೋಡೆಗೆ ಬಿಸಿಲು ಬಿದ್ದು, ಅದರ ಹಳದಿ ಒಳಗೆ ಬಂದು ಎಲ್ಲ ಬಣ್ಣವೂ ಬದಲಾಗುತ್ತಿತ್ತು.

ಫೋಟೋವನ್ನೂ ತೆಗೆದಿಟ್ಟುಕೊಂಡೆ. ಮೊದಲು ಫೋನನ್ನು ಮುಖದ ಹತ್ತಿರವೇ ಹಿಡಿದು ತೆಗೆದದ್ದು ಯಾವ ಕೆಲಸಕ್ಕೂ ಬರಲಿಲ್ಲ. ಹತ್ತಿರದಿಂದ ತೆಗೆದಾಗ ಮೂಗು ಉಬ್ಬುತ್ತದೆ, ಕಿವಿ ಹಿಂದಕ್ಕೆ ಸರಿದು ಸಣ್ಣದಾಗುತ್ತದೆ. ಎರಡು ಮೀಟರ್ ಹಿಂದೆ ನಿಂತು ಜೂಮ್ ಮಾಡಿ ತೆಗೆದಾಗ ಮುಖ ಮುಖದಂತಿತ್ತು. ಆದರೂ ನೆರಳಿನ ಭಾಗ ಫೋಟೋದಲ್ಲಿ ಬರೀ ಕಪ್ಪು. ಎದುರಿಗೆ ಕೂತ ಅಪ್ಪನ ಗಲ್ಲದ ಕೆಳಗಿನ ನೆರಳಿನಲ್ಲಿ ಕೆಂಪಿತ್ತು, ಅಂಗಿಯಿಂದ ಪುಟಿದು ಬಂದ ತೆಳು ಬೆಳಕೂ ಇತ್ತು. ಫೋಟೋ ರೇಖೆಗೆ ಮಾತ್ರ, ಬಣ್ಣಕ್ಕೆ ಅಪ್ಪನೇ ಎಂದು ಅಂದೇ ತೀರ್ಮಾನಿಸಿದೆ.

ಇದ್ದಿಲಿನ ರೇಖೆ: ಎರಡು ದಿನ

ನೆತ್ತಿಯಿಂದ ಗಲ್ಲದವರೆಗೆ ಎಂಟು ಇಂಚು. ನಿಜವಾದ ತಲೆ ಇದಕ್ಕಿಂತ ಸ್ವಲ್ಪ ದೊಡ್ಡದು. ಅದೇ ಅಳತೆಯಲ್ಲಿ ಬರೆದರೆ ಗೋಡೆಯ ಮೇಲೆ ಮುಖ ವಿಪರೀತ ದೊಡ್ಡದಾಗಿ ಕಾಣುತ್ತದೆ, ಅದಕ್ಕೇ ಸ್ವಲ್ಪ ಇಳಿಸಿದೆ.

ಎಲ್ಲರಿಗೂ ಗೊತ್ತಿರುವ ಲೆಕ್ಕ: ತಲೆಯ ಎತ್ತರದ ನಟ್ಟನಡುವೆ ಕಣ್ಣು, ಎರಡು ಕಣ್ಣಿನ ನಡುವೆ ಒಂದು ಕಣ್ಣಿನಷ್ಟು ಜಾಗ, ಕೂದಲಿನ ಗೆರೆಯಿಂದ ಹುಬ್ಬು, ಹುಬ್ಬಿನಿಂದ ಮೂಗಿನ ಬುಡ, ಅಲ್ಲಿಂದ ಗಲ್ಲ, ಮೂರೂ ಸಮ. ಈ ಲೆಕ್ಕದಿಂದ ಒಂದು ತಲೆಯನ್ನು ಕಟ್ಟಬಹುದು, ಅಪ್ಪನ ತಲೆಯನ್ನಲ್ಲ. ಅಪ್ಪನ ಮೂಗಿನ ಬುಡದಿಂದ ಗಲ್ಲಕ್ಕೆ ಇರುವ ದೂರ ಉಳಿದೆರಡು ಭಾಗಕ್ಕಿಂತ ಗಿಡ್ಡ. ಬಲ ಹುಬ್ಬು ಸ್ವಲ್ಪ ಮೇಲೆ. ಮೂಗಿನ ತುದಿ ಎಡಕ್ಕೆ ವಾಲಿದೆ. ಐವತ್ತು ವರ್ಷ ಒಂದೇ ಬದಿಯಲ್ಲಿ ಅಗಿದವರಂತೆ ಬಲದವಡೆ ತುಂಬಿಕೊಂಡಿದೆ. ಲೆಕ್ಕದಿಂದ ಎಲ್ಲೆಲ್ಲಿ ಎಷ್ಟೆಷ್ಟು ತಪ್ಪಿಸಿಕೊಂಡಿದ್ದಾರೋ ಅಲ್ಲಲ್ಲೇ ಅವರು ಇದ್ದಾರೆ.

ಅಳೆಯಲು ಬ್ರಶ್ಶಿನ ಹಿಡಿಯೇ ಸಾಕಾಯಿತು. ಮೊಣಕೈ ನೆಟ್ಟಗೆ ಚಾಚಿ, ಒಂದು ಕಣ್ಣು ಮುಚ್ಚಿ, ಹಿಡಿಯ ತುದಿಯನ್ನು ಹುಬ್ಬಿಗೆ ಹೊಂದಿಸಿ, ಹೆಬ್ಬೆರಳಿನಿಂದ ಮೂಗಿನ ಬುಡವನ್ನು ಗುರುತಿಸುವುದು. ಲಂಬಕ್ಕೆ ದಾರದ ತುದಿಗೊಂದು ನಟ್ ಕಟ್ಟಿದ ತೂಗುಗುಂಡು. ಅದನ್ನು ಎದುರಿಗೆ ಹಿಡಿದು ನೋಡಿದರೆ ಅಪ್ಪನ ಬಲಗಣ್ಣಿನ ಒಳಮೂಲೆಯಿಂದ ಇಳಿದ ದಾರ ಮೂಗಿನ ಹೊಳ್ಳೆಯ ಹೊರ ಅಂಚನ್ನು ಸವರಿಕೊಂಡು ಹೋಗುತ್ತಿತ್ತು. ಅಂಥ ಏಳೆಂಟು ಲಂಬ ಸಾಲುಗಳು, ಅಷ್ಟೇ ಅಡ್ಡ ಸಾಲುಗಳು. ಮೊದಲ ದಿನ ಬಲಭಾಗ ಮುಗಿಯಿತು, ಎರಡನೆಯ ದಿನ ಎಡಭಾಗ.

ತಪ್ಪು ಹುಟ್ಟಿದ್ದು ಇಲ್ಲಿಯೇ. ಎರಡನೆಯ ದಿನ ಅಪ್ಪ ಆರಾಮವಾಗಿ ಕುರ್ಚಿಯ ಬಲಗೈಗೆ ಒರಗಿದ್ದರು. ತಲೆ ಕೂದಲೆಳೆಯಷ್ಟು ಬಲಕ್ಕೆ ವಾಲಿತ್ತು, ಹಾಗಾಗಿ ಎಡಗಣ್ಣು ಮೇಲೇರಿತ್ತು. ನಾನು ಅದನ್ನು ಪ್ರಾಮಾಣಿಕವಾಗಿ ಅಳೆದು, ಹಿಂದಿನ ದಿನ ನೆಟ್ಟಗಿದ್ದ ತಲೆಯ ಬಲಭಾಗದ ಪಕ್ಕಕ್ಕೆ ಜೋಡಿಸಿದೆ. ಅಳತೆ ತಪ್ಪಿರಲಿಲ್ಲ, ಅಳೆದ ತಲೆ ಬೇರೆ ಭಂಗಿಯಲ್ಲಿತ್ತು. ಕುರ್ಚಿಗೆ ಟೇಪು ಅಂಟಿಸಿದವಳಿಗೆ ತಲೆಗೊಂದು ಗುರುತು ಬೇಕೆಂದು ಹೊಳೆಯಲಿಲ್ಲ. ಈಗ ಅಪ್ಪನ ಹಿಂದಿನ ಗೋಡೆಯಲ್ಲಿ ದಾರ ಇಳಿಬಿಟ್ಟಿದ್ದೇನೆ. ಎಡಕಿವಿಯ ಅಂಚು ಆ ದಾರಕ್ಕೆ ತಾಗಿದರೆ ತಲೆ ಸರಿಯಾಗಿದೆ ಎಂದರ್ಥ.

ರೇಖೆ ಮುಗಿದ ಮೇಲೆ ತೆಳು ಅಂಬರಿನಿಂದ ಅದರ ಮೇಲೆ ಗೆರೆ ಎಳೆದು, ಒಣಗಿಸಿ, ಇದ್ದಿಲ ಪುಡಿಯನ್ನು ಬಟ್ಟೆಯಿಂದ ಕೊಡವಿದೆ. ಪುಡಿ ಉಳಿದರೆ ಬಣ್ಣಕ್ಕೆ ಬೆರೆತು ಎಲ್ಲ ಬೂದಿಯಾಗುತ್ತದೆ.

ಅಂಬರಿನಲ್ಲಿ ನೆರಳು

ಮುಂದಿನ ಮೂರು ಕೂಟಗಳಲ್ಲಿ, ಅಂದರೆ ಅಪ್ಪ ಕೂತ ಮೂರು ಸಲದಲ್ಲಿ, ಪ್ಯಾಲೆಟ್ ಮೇಲೆ ಇದ್ದದ್ದು ಒಂದೇ ಬಣ್ಣ, ಬರ್ನ್ಟ್ ಅಂಬರ್. ಬಿಳಿಯೂ ಇಲ್ಲ. ಇಡೀ ಮುಖಕ್ಕೆ ತೆಳುವಾಗಿ ಅಂಬರ್ ಬಳಿದು, ಬೆಳಕು ಬಿದ್ದ ಜಾಗಗಳನ್ನು ಬಟ್ಟೆಯಿಂದ ಒರೆಸಿ ತೆರೆಯುತ್ತಾ ಹೋಗುವ ವಿಧಾನ. ಸಣ್ಣ ಜಾಗಗಳಿಗೆ ಹತ್ತಿ ಸುತ್ತಿದ ಕಡ್ಡಿ. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಉಳಿದ ಬಣ್ಣಗಳಿಗಿಂತ ಬೇಗ ಒಣಗುತ್ತದೆ, ತಳಪದರಕ್ಕೆ ಹೇಳಿ ಮಾಡಿಸಿದ ಬಣ್ಣ.

ಕಣ್ಣು ಕಿರಿದು ಮಾಡಿ ನೋಡಿದೆ. ರೆಪ್ಪೆಗಳ ನಡುವೆ ಸೀಳಿನಷ್ಟು ಮಾತ್ರ ತೆರೆದು ನೋಡಿದಾಗ ಸುಕ್ಕು, ರೋಮ, ಮಚ್ಚೆ ಎಲ್ಲ ಅಳಿಸಿಹೋಗಿ ಬೆಳಕು-ನೆರಳು ಎರಡೇ ಉಳಿಯುತ್ತವೆ. ಎಡ ಕಣ್ಣಕುಳಿಯ ನೆರಳು ಮೂಗಿನ ಪಕ್ಕದ ನೆರಳಿಗೆ, ಅದು ಕೆನ್ನೆಯದಕ್ಕೆ, ಅಲ್ಲಿಂದ ದವಡೆಗೆ, ಕುತ್ತಿಗೆಗೆ. ಎಲ್ಲ ಒಂದೇ ಆಕಾರ, ನಕ್ಷೆಯಲ್ಲಿನ ಕರಾವಳಿಯಂತೆ ಒಂದೇ ಗಡಿ. ಒಂದು ಕಡೆ ಕಣ್ಣು, ಇನ್ನೊಂದು ಕಡೆ ಮೂಗು ಎಂದು ಬಿಡಿಬಿಡಿಯಾಗಿ ಬರೆಯುವ ಪೆನ್ಸಿಲಿನ ಅಭ್ಯಾಸವನ್ನು ಇಲ್ಲಿ ಬಿಡಲೇಬೇಕಾಯಿತು. ನಾನು ನೆರಳಿನ ಗಡಿಯನ್ನಷ್ಟೇ ಬರೆದೆ. ಆ ಗಡಿಯ ಉಬ್ಬುತಗ್ಗುಗಳಲ್ಲೇ ಮೂಗು, ಕೆನ್ನೆ, ಗಲ್ಲ ಎದ್ದು ನಿಂತವು.

ಐದನೆಯ ದಿನದ ಕೊನೆಗೆ ಕಣ್ಣುಗಳ ಜಾಗದಲ್ಲಿ ಎರಡು ಕಂದು ಗುಳಿಗಳಷ್ಟೇ ಇದ್ದವು. ರೆಪ್ಪೆ ಇಲ್ಲ, ಪಾಪೆ ಇಲ್ಲ. ಬಾಗಿಲಲ್ಲಿ ಹಾದುಹೋಗುತ್ತಿದ್ದ ಅಮ್ಮ ನಿಂತು, "ಅಯ್ಯೋ, ಅವರೇ ಕೂತಂಗಿದೆಯಲ್ಲೇ!" ಅಂದರು. ಹತ್ತು ಹನ್ನೆರಡು ಅಡಿ ದೂರದಿಂದ ಕಣ್ಣಿಲ್ಲದ ಮುಖವನ್ನು ನೋಡಿ ಗುರುತು ಹಿಡಿದಿದ್ದರು. ಹೋಲಿಕೆ ಕಣ್ಣಿನಲ್ಲಿರುತ್ತದೆ ಎಂದು ಅದುವರೆಗೆ ನಂಬಿದ್ದವಳು ನಾನು. ಅಮ್ಮನ ಮಾತನ್ನು ಅಂದೇ ಪೂರ್ತಿ ಕಿವಿಗೆ ಹಾಕಿಕೊಂಡಿದ್ದರೆ ಮುಂದಿನ ನಾಲ್ಕು ದಿನ ಉಳಿಯುತ್ತಿತ್ತು.

ಬಣ್ಣ ಕಲಸುವುದು, ಬಿಳಿಯ ಪಾಠ

ಪ್ಯಾಲೆಟ್ಟಿನ ಮೇಲೆ ಏಳು ಬಣ್ಣ: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್, ಪರ್ಮನೆಂಟ್ ಅಲಿಜರಿನ್ (ಆಳವಾದ ಕೆಂಪು), ಬರ್ನ್ಟ್ ಸಿಯೆನ್ನಾ (ಕೆಂಪುಗಂದು), ಬರ್ನ್ಟ್ ಅಂಬರ್, ಅಲ್ಟ್ರಾಮರೀನ್. ಹಳೆಯ ಅಲಿಜರಿನ್ ಬೆಳಕಿಗೆ ಬಣ್ಣಗೆಡುತ್ತದೆ, ಆದ್ದರಿಂದ ಪರ್ಮನೆಂಟ್ ಎಂದು ಬರೆದದ್ದನ್ನೇ ತಂದೆ.

ಅದಕ್ಕೆ ಮುಂಚೆ ಸಣ್ಣ ಹಲಗೆಯ ಮೇಲೆ ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಲ್ಲಿ ಕರೆಯುವ ನಾಲ್ಕು ಬಣ್ಣದ ಪ್ಯಾಲೆಟ್ಟನ್ನು ಒಂದು ದಿನ ಪರೀಕ್ಷಿಸಿದ್ದೆ: ಬಿಳಿ, ಓಕರ್, ಕೆಂಪು, ಐವರಿ ಬ್ಲ್ಯಾಕ್. ನೀಲಿಯೇ ಇಲ್ಲದೆ ಮುಖ ಹೇಗೆ ಎಂಬ ಅನುಮಾನ ಕಲಸಿದ ಕೂಡಲೇ ಹೋಯಿತು. ಐವರಿ ಬ್ಲ್ಯಾಕಿಗೆ ಬಿಳಿ ಬೆರೆಸಿ ಕೆಂಪಿನ ಪಕ್ಕದಲ್ಲಿಟ್ಟರೆ ಅದು ನೀಲಿಯಾಗಿಯೇ ಕಾಣುತ್ತದೆ, ಓಕರಿಗೆ ಬೆರೆಸಿದರೆ ಪಾಚಿಯ ಹಸಿರು. ಕಲಿಯುವವರು ಒಮ್ಮೆ ಮಾಡಲೇಬೇಕಾದ ಅಭ್ಯಾಸ ಇದು. ನಾನು ಏಳಕ್ಕೆ ಮರಳಿದ್ದು ಅಪ್ಪನ ನೆರಳಿನ ಭಾಗದ ಆಳವಾದ ಕಂದುಗೆಂಪಿಗಾಗಿ. ಅಲಿಜರಿನ್ ಮತ್ತು ಅಂಬರ್ ಸೇರಿದಾಗ ಬರುವ ಆ ಪಾರದರ್ಶಕ ಕತ್ತಲೆ ಕಪ್ಪಿನಿಂದ ಬರಲಿಲ್ಲ.

ಬಣ್ಣದ ಮೊದಲ ದಿನ, ಅಂದರೆ ಆರನೆಯ ಕೂಟದಲ್ಲಿ, ಕೆನ್ನೆ ಮತ್ತು ಹಣೆ ತುಂಬಿದೆ. ಸಂಜೆ ನೋಡಿದರೆ ಮುಖಕ್ಕೆ ಸುಣ್ಣದ ಪುಡಿ ಎರಚಿದಂತಿತ್ತು. ಅಪ್ಪನದು ಗಾಢ ಗೋಧಿಬಣ್ಣ. ಬೆಳಕಿನ ಭಾಗ ಎಂದ ಕೂಡಲೇ ನಾನು ಬಿಳಿ ಸೇರಿಸಿದ್ದೆ. ಟೈಟಾನಿಯಂ ವೈಟ್ ಬಣ್ಣವನ್ನು ತೆಳುವಾಗಿಸುವುದಷ್ಟೇ ಅಲ್ಲ, ಅದರ ಕಾವನ್ನೂ ಹೀರುತ್ತದೆ, ಮತ್ತು ಅದರ ಬಲ ಎಷ್ಟೆಂದರೆ ಒಂದು ಚಿಟಿಕೆ ಉಳಿದ ಮೂರು ಬಣ್ಣವನ್ನು ಮುಳುಗಿಸಿಬಿಡುತ್ತದೆ. ಅವತ್ತಿನದನ್ನೆಲ್ಲ ಹಸಿಯಿದ್ದಾಗಲೇ ಒರೆಸಿ ತೆಗೆದೆ. ತಳದ ಅಂಬರ್ ಒಣಗಿದ್ದರಿಂದ ಅದಕ್ಕೆ ಏನೂ ಆಗಲಿಲ್ಲ.

ಮಾರನೆಯ ದಿನ ಕ್ರಮ ತಿರುಗಿಸಿದೆ. ಬಣ್ಣವನ್ನು ಮೇಲೆತ್ತಲು ಮೊದಲು ಓಕರ್, ಆಮೇಲೆ ಒಂದಿಷ್ಟು ಕ್ಯಾಡ್ಮಿಯಂ ರೆಡ್, ಇಷ್ಟೂ ಸಾಲದಿದ್ದರೆ ಮಾತ್ರ ಬಿಳಿ. ಕೆನ್ನೆಯ ನಡುಬೆಳಕಿಗೆ ಓಕರ್ ಎರಡು ಪಾಲು, ಬರ್ನ್ಟ್ ಸಿಯೆನ್ನಾ ಒಂದು ಪಾಲು, ಬಿಳಿ ಒಂದು ಪಾಲಿಗಿಂತ ಕಡಿಮೆ, ಕೆಂಪು ನೈಫಿನ ತುದಿಯಷ್ಟು. ಕಂದು ಚರ್ಮದ ಬೆಳಕಿನ ಭಾಗಕ್ಕೆ ಬಿಳುಪಿಗಿಂತ ಬಣ್ಣದ ತುಂಬುತನ ಮುಖ್ಯ. ಬಿಳಿಗೆ ಹತ್ತಿರ ಹೋಗುವುದು ಹಣೆಯ ಮೇಲೆ, ಮೂಗಿನ ತುದಿಯ ಮೇಲೆ ಮಿನುಗುವ ಹೊಳಪು ಮಾತ್ರ. ಅದೂ ಚರ್ಮದ ಬಣ್ಣವಲ್ಲ, ಕಿಟಕಿಯ ಪ್ರತಿಬಿಂಬ. ಅದರಲ್ಲಿ ಅಲ್ಟ್ರಾಮರೀನ್ ಚೂರು ಬೆರೆತಾಗಲೇ ಎಣ್ಣೆ ಪಸೆಯ ಚರ್ಮದಂತೆ ಕಂಡದ್ದು.

ಪ್ರತಿ ಕೂಟಕ್ಕೆ ಮೊದಲು ಕತ್ತಲೆಯಿಂದ ಬೆಳಕಿನವರೆಗೆ ಐದು ಗುಡ್ಡೆ ಕಲಸಿಡುತ್ತಿದ್ದೆ, ಬ್ರಶ್ಶಿನಿಂದಲ್ಲ, ನೈಫಿನಿಂದ. ನೈಫಿನ ತುದಿಯಲ್ಲಿ ಬಣ್ಣವೆತ್ತಿ, ಅಪ್ಪನ ಕೆನ್ನೆಗೆ ನೇರವಾಗಿ ಗಾಳಿಯಲ್ಲಿ ಹಿಡಿದು, ಎರಡನ್ನೂ ಒಟ್ಟಿಗೆ ನೋಡುವುದು. ಹಣೆಗೆ ಹಳದಿ ಹೆಚ್ಚು. ಕೆನ್ನೆ, ಮೂಗು, ಕಿವಿಗಳಲ್ಲಿ ಚರ್ಮದ ಕೆಳಗೇ ರಕ್ತ ಹರಿಯುವುದರಿಂದ ಕೆಂಪು ಹೆಚ್ಚು. ದವಡೆಯಲ್ಲಿ ಬೋಳಿಸಿದ ಗಡ್ಡದ ಬೂದುಹಸಿರು. ಒಂದೇ ಮುಖದಲ್ಲಿ ಮೂರು ಪಟ್ಟಿ. ಇದನ್ನು ಕಂಡುಕೊಂಡ ದಿನ ನಾನು ಎಷ್ಟೋ ಹೊತ್ತು ಬ್ರಶ್ ಕೆಳಗಿಟ್ಟು ಅಪ್ಪನನ್ನು ಸುಮ್ಮನೆ ನೋಡುತ್ತಾ ಕೂತಿದ್ದೆ.

"ಇದು ನಾನಲ್ಲ, ನಮ್ಮಣ್ಣ"

ಏಳು, ಎಂಟನೆಯ ಕೂಟಗಳಲ್ಲಿ ಕಣ್ಣಿಗೆ ಕೈ ಹಾಕಿದೆ. ಹಾಕಬಾರದಿತ್ತು. ಕೆನ್ನೆಯ ಅಂಚು, ದವಡೆಯ ತಿರುವು ಇನ್ನೂ ನಿಂತಿರಲಿಲ್ಲ. ಆದರೆ ಕಣ್ಣು ಕರೆಯುತ್ತದೆ. ಎರಡು ದಿನ ಒಂದು ನಂಬರಿನ ರೌಂಡ್ ಬ್ರಶ್ ಹಿಡಿದು ಎಡಗಣ್ಣಿನಲ್ಲೇ ಮುಳುಗಿದ್ದೆ. ಹತ್ತಿರದಿಂದ ನೋಡಿದರೆ ಖುಷಿಯಾಗುವಂತಿತ್ತು.

ಒಂಬತ್ತನೆಯ ದಿನ ಅಪ್ಪ ಎದ್ದು ಬಂದು, ಕನ್ನಡಕ ಹಾಕಿಕೊಂಡು, ಈಸೆಲ್ ಮುಂದೆ ಬಹಳ ಹೊತ್ತು ನಿಂತರು. "ಚೆನ್ನಾಗಿದೆ ಕಣಮ್ಮ. ಆದ್ರೆ ಇದು ನಾನಲ್ಲ, ನಮ್ಮಣ್ಣ," ಅಂದರು.

ನಾನು ನೋಡಿದೆ. ಹೌದು, ದೊಡ್ಡಪ್ಪನೇ. ದೊಡ್ಡಪ್ಪನ ಮುಖದಲ್ಲಿ ಯಾವಾಗಲೂ ಇದ್ದ, ಏನನ್ನೋ ಪ್ರಶ್ನಿಸುತ್ತಿರುವಂಥ ನೋಟ ಬಂದು ಕೂತಿತ್ತು. ಕಾರಣ ಏನೆಂದು ಮುಖವನ್ನು ಎಷ್ಟು ದಿಟ್ಟಿಸಿದರೂ ತಿಳಿಯಲಿಲ್ಲ. ಎಂಟು ದಿನ ನೋಡಿದ ಕಣ್ಣಿಗೆ ತಪ್ಪು ರೂಢಿಯಾಗಿಬಿಟ್ಟಿರುತ್ತದೆ. ಕೊನೆಗೆ ಕೈಗನ್ನಡಿ ತಂದು, ಈಸೆಲಿಗೆ ಬೆನ್ನು ಹಾಕಿ ನಿಂತು, ಕನ್ನಡಿಯೊಳಗೆ ಚಿತ್ರವನ್ನು ನೋಡಿದೆ. ಚಿತ್ರಕಾರ ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ತನ್ನ ಕೆಲಸವನ್ನು ಅದರಲ್ಲಿ ನೋಡುತ್ತಿರಬೇಕೆಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲೇ ಬರೆದಿಟ್ಟಿದ್ದಾನೆ. ಎಡ ಬಲವಾದಾಗ ಮುಖ ಹೊಸಬರದಾಗುತ್ತದೆ. ಒಂದೇ ಕ್ಷಣದಲ್ಲಿ ಕಂಡಿತು: ಒಂದು ಕಣ್ಣು ಮುಖದ ಮೇಲೆ ಹತ್ತಿ ಕೂತಿದೆ.

ಅಪ್ಪನನ್ನು ಮತ್ತೆ ಕೂರಿಸಿ, ಬ್ರಶ್ಶಿನ ಹಿಡಿಯನ್ನು ಎರಡೂ ಕಣ್ಣಿನ ಹೊರಮೂಲೆಗಳಿಗೆ ಅಡ್ಡಲಾಗಿ ಹಿಡಿದು ನೋಡಿದೆ. ಅಪ್ಪನಲ್ಲಿ ಗೆರೆ ಹೆಚ್ಚುಕಡಿಮೆ ಮಟ್ಟಸ. ಕ್ಯಾನ್ವಾಸಿನಲ್ಲಿ ಓರೆ. ಡಿವೈಡರ್ ಇಟ್ಟು ಅಳೆದಾಗ ಮೂರು ಮಿಲಿಮೀಟರ್. ಎಂಟು ಇಂಚಿನ ಮುಖದಲ್ಲಿ ಅದು ಒಬ್ಬ ಮನುಷ್ಯನಿಗೂ ಅವನ ಅಣ್ಣನಿಗೂ ಇರುವ ಅಂತರ.

ಹಾಗೇ ಮೇಲೆ ಬಣ್ಣ ಬಳಿದು ಕೆಳಗೆ ಹೊಸ ಕಣ್ಣು ಬರೆಯಬಹುದಲ್ಲ ಎನ್ನಿಸದೆ ಇರಲಿಲ್ಲ. ಎರಡು ಕಾರಣಕ್ಕೆ ಬೇಡವೆಂದುಕೊಂಡೆ. ರೆಪ್ಪೆಯ ದಪ್ಪ ಬಣ್ಣದ ಏಣು ಹಾಗೇ ಉಳಿದು ಓರೆ ಬೆಳಕಿನಲ್ಲಿ ಕಾಣುತ್ತದೆ. ಎರಡನೆಯದು ಇನ್ನೂ ನಿಧಾನದ್ದು: ಎಣ್ಣೆಬಣ್ಣ ಹಳೆಯದಾದಂತೆ ಪಾರದರ್ಶಕವಾಗುತ್ತದೆ, ಮುಚ್ಚಿಟ್ಟದ್ದು ದಶಕಗಳ ನಂತರ ಮೇಲೇಳುತ್ತದೆ. ಹಳೆಯ ಚಿತ್ರಗಳಲ್ಲಿ ಕಲಾವಿದ ಮೊದಲು ಬರೆದು ಬದಲಿಸಿದ ಕೈ, ಟೊಪ್ಪಿಗೆಗಳು ಮಸುಕಾಗಿ ಕಾಣಿಸಿಕೊಳ್ಳುವುದು ಹೀಗೆ. ಅದಕ್ಕೆ ಪೆಂಟಿಮೆಂಟೊ ಎನ್ನುತ್ತಾರೆ. ಅಪ್ಪನ ಹಣೆಯಲ್ಲಿ ಇನ್ನೊಂದು ರೆಪ್ಪೆ ಮೂಡುವುದು ನನಗೆ ಬೇಡವಾಗಿತ್ತು.

ನೈಫನ್ನು ಮಲಗಿಸಿ ಹಿಡಿದು, ಹೊರಮೂಲೆಯಿಂದ ಒಳಕ್ಕೆ ಎಳೆದೆ. ಎರಡು ದಿನದ ಬಣ್ಣಕ್ಕೆ ಮೇಲೆ ತೊಗಲು ಬಂದಿದ್ದರೂ ಒಳಗೆ ಮೆತ್ತಗಿತ್ತು. ಮಡಿಕೆ ಮಡಿಕೆಯಾಗಿ ಎದ್ದು ಬಂತು. ಉಳಿದದ್ದನ್ನು ಟರ್ಪೆಂಟೈನ್ ಅದ್ದಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆದೆ. ಕೆಳಗೆ ಐದನೆಯ ದಿನದ ಕಂದು ಗುಳಿ ಸಿಕ್ಕಿತು. ಮೂರು ಮೀಟರ್ ಹಿಂದೆ ಹೋಗಿ ನಿಂತೆ. ಒಂದು ಕಣ್ಣು ಇಲ್ಲದ ಆ ಮುಖದಲ್ಲಿ ಅಪ್ಪ ವಾಪಸ್ ಬಂದಿದ್ದರು.

ಮತ್ತೆ ಕಣ್ಣು

ಈ ಸಲ ಕಣ್ಣನ್ನು ಕೊನೆಗೆ ಇಟ್ಟುಕೊಂಡು, ಎರಡು ಕೂಟ ದವಡೆ, ಕೆನ್ನೆ, ಹಣೆಗೇ ಕೊಟ್ಟೆ. ಹನ್ನೆರಡನೆಯ ದಿನ ಕಣ್ಣು. ಹೆಚ್ಚೆಂದರೆ ಐವತ್ತು ನಿಮಿಷ ಹಿಡಿಯಿತು.

ಮೊದಲು ಗುಂಡು. ಕುಳಿಯೊಳಗೆ ಸುಮಾರು 24 ಮಿಲಿಮೀಟರ್ ಅಡ್ಡಳತೆಯ ಒಂದು ಚೆಂಡು ಕೂತಿದೆ, ರೆಪ್ಪೆಗಳು ಅದರ ಮೇಲೆ ಹೊದ್ದ ಚರ್ಮ. ಹಾಗೆ ನೆನೆದು ತುದಿ ದುಂಡಗಿರುವ ಚಪ್ಪಟೆ ಬ್ರಶ್ಶಿನಿಂದ, ಆರು ನಂಬರಿನ ಫಿಲ್ಬರ್ಟಿನಿಂದ, ಮೇಲಿನ ರೆಪ್ಪೆಯ ಉಬ್ಬನ್ನು, ಕೆಳಗಿನ ಚೀಲವನ್ನು ಮೊದಲು ಕೂರಿಸಿದೆ, ಕಣ್ಣಿನ ಸೀಳು ಇನ್ನೂ ಇಲ್ಲ. ಆಮೇಲೆ ಕಣ್ಣಿನ "ಬಿಳಿ". ಅದು ಬಿಳಿಯಲ್ಲ. ನೆರಳಿನ ಬದಿಯ ಈ ಕಣ್ಣಿನಲ್ಲಿ ಅದು ಪಕ್ಕದ ಕೆನ್ನೆಯ ಬೆಳಕಿಗಿಂತಲೂ ಗಾಢ, ಅಂಬರ್-ಅಲ್ಟ್ರಾಮರೀನ್ ಬೂದಿಗೆ ಚೂರು ಓಕರ್. ಮೂಗಿನ ಬದಿಯ ಮೂಲೆಯಲ್ಲಿ ಅಲಿಜರಿನ್ ಸೋಕಿದ ಕೆಂಪು. ಮೊದಲ ಸಲ ಬಿಳಿ ಹಚ್ಚಿದ್ದೇ ದೊಡ್ಡಪ್ಪನ ಆ ಪ್ರಶ್ನಿಸುವ ನೋಟಕ್ಕೆ ಅರ್ಧ ಕಾರಣವಾಗಿತ್ತು.

ಪಾಪೆಯ ಸುತ್ತಲಿನ ಕಂದು ವೃತ್ತ ಪೂರ್ತಿ ಕಾಣುವುದಿಲ್ಲ, ಮೇಲಿನ ಭಾಗ ರೆಪ್ಪೆಯ ಕೆಳಗೆ ಹೋಗುತ್ತದೆ. ಅದರ ಅಂಚನ್ನು ಬಿಳಿಯೊಳಗೆ ಒಣ ಬ್ರಶ್ಶಿನಿಂದ ಎಳೆದು ಮೆದುಮಾಡಿದೆ, ಇಲ್ಲವಾದರೆ ಗುಂಡಿ ಹೊಲಿದಂತೆ ಕಾಣುತ್ತದೆ. ಅಪ್ಪನ ವಯಸ್ಸಿನವರಲ್ಲಿ ಆ ಅಂಚಿಗೊಂದು ನೀಲಿಬೂದು ಉಂಗುರ ಇರುವುದುಂಟು, ಅದು ತಾನಾಗಿಯೇ ಮೂಡಿಕೊಂಡಿತು. ಕೊನೆಗೆ ಬೆಳಕಿನ ಚುಕ್ಕೆ. ಒಂದೇ ಸಲ, ಬ್ರಶ್ಶಿನ ತುದಿ ತಾಗಿಸಿ ಎತ್ತಿದೆ. ಬಲಗಣ್ಣಿನಲ್ಲಿರುವ ಚುಕ್ಕೆಗಿಂತ ಇದು ಮಂಕು, ಇದು ಕಿಟಕಿಗೆ ದೂರ.

ರೆಪ್ಪೆಗೂದಲನ್ನು ಒಂದೊಂದಾಗಿ ಎಳೆಯಲಿಲ್ಲ. ಎರಡು ಮೀಟರ್ ದೂರದಿಂದ ಅಪ್ಪನ ಮುಖದಲ್ಲಿ ನನಗೆ ಕಾಣುವುದು ಕೂದಲಲ್ಲ, ರೆಪ್ಪೆಯ ಅಂಚು ಸ್ವಲ್ಪ ಕಪ್ಪಾಗಿರುವುದು. ಅಷ್ಟನ್ನೇ ಬರೆದೆ. ಮೂರು ದಿನದ ಬಿಳಿ ಗಡ್ಡಕ್ಕೂ ಇದೇ ಲೆಕ್ಕ: ದವಡೆಯ ಹಸಿ ಬಣ್ಣದೊಳಗೆ ತಣ್ಣನೆ ಬೂದಿಯನ್ನು ಸವರಿ, ಹಂದಿಕೂದಲಿನ ಒಣ ಹಾಗ್ ಬ್ರಶ್ಶಿನಿಂದ ಎರಡು ಸಲ ತಟ್ಟಿದೆ. ಆಮೇಲೆ ಬೆಳಕು ಬಿದ್ದ ಗಲ್ಲದ ತುದಿಯಲ್ಲಿ ಮಾತ್ರ ಏಳೆಂಟು ನಿಜವಾದ ಕೂದಲು. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ.

ತುಟಿಯಲ್ಲಿ ಕಷ್ಟವಾದದ್ದು ಬಾಯಿಯ ಮೂಲೆಗಳು. ಎರಡು ತುಟಿಯ ನಡುವಿನ ಗೆರೆ ಉದ್ದಕ್ಕೂ ಒಂದೇ ಕಪ್ಪಲ್ಲ, ನಡುವೆ ಒಂದು ಕಡೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೂಲೆಯನ್ನು ಕೆನ್ನೆಯೊಳಗೆ ಕರಗಿಸಿದ ಮೇಲೆ ಬಾಯಿ ಸಡಿಲವಾಯಿತು. ಅಂಚುಗಳ ವಿಷಯದಲ್ಲಿ ಒಟ್ಟಾರೆ ನಾನು ಕಲಿತದ್ದು: ಎಲ್ಲ ಅಂಚೂ ಚೂಪಾಗಿದ್ದರೆ ಮುಖ ಕತ್ತರಿಸಿ ಅಂಟಿಸಿದಂತಿರುತ್ತದೆ. ಮೂಗಿನ ನೆರಳಿನ ಅಂಚು ಚೂಪು, ಕೆನ್ನೆ ನೆರಳಿಗೆ ತಿರುಗುವಲ್ಲಿ ಮೆದು, ನೆರಳಿನ ಬದಿಯ ಕೂದಲು ಹಿನ್ನೆಲೆಯೊಳಗೆ ಪೂರ್ತಿ ಮಾಯ.

ಇನ್ನೊಂದು ಮಾತು, ಡಚ್ ಚಿತ್ರಕಾರ ರೆಂಬ್ರಾಂಟ್‌ನ (1606–1669) ಚಿತ್ರಗಳನ್ನು ನೋಡಿ ಕಲಿತದ್ದು. ಅವನ ಬೆಳಕಿನ ಭಾಗ ದಪ್ಪ, ನೆರಳು ತೆಳು. ನನ್ನ ನೆರಳುಗಳಲ್ಲೂ ತಳದ ಅಂಬರ್ ಇಣುಕುವಂತೆ ಬಿಟ್ಟು, ಹಣೆ ಮತ್ತು ಮೂಗಿನ ಬೆಳಕನ್ನು ಮಾತ್ರ ದಪ್ಪ ಬಣ್ಣದಲ್ಲಿ ಇಟ್ಟೆ. ದಪ್ಪ ಬಣ್ಣದ ಏರಿಳಿತಕ್ಕೆ ಕೋಣೆಯ ಬೆಳಕೇ ತಾಗಿ ಹೊಳೆಯುತ್ತದೆ, ತೆಳು ನೆರಳು ಹಿಂದಕ್ಕೆ ಸರಿಯುತ್ತದೆ.

ಎಣ್ಣೆಯ ಲೆಕ್ಕ

ಎಣ್ಣೆಬಣ್ಣ ನೀರಿನಂತೆ ಆರಿ ಒಣಗುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ತಳದ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು. ತಿರುಗುಮುರುಗಾದರೆ ಮೇಲಿನದು ಮೊದಲು ಬಿಗಿದು, ಕೆಳಗಿನದು ಇನ್ನೂ ಅಲುಗಾಡುತ್ತಾ, ಬಿರುಕು ಬೀಳುತ್ತದೆ. ನಾನು ತಳಕ್ಕೆ ಬರೀ ಟರ್ಪೆಂಟೈನ್, ಮಧ್ಯದಲ್ಲಿ ಟ್ಯೂಬಿನ ಬಣ್ಣ ಇದ್ದ ಹಾಗೆ, ಕೊನೆಯ ಪದರಕ್ಕೆ ಮಾತ್ರ ಬ್ರಶ್ಶಿನ ತುದಿಯಲ್ಲಿ ಅಗಸೆ ಎಣ್ಣೆ ಬಳಸಿದೆ.

ಹತ್ತನೆಯ ದಿನದ ಹೊತ್ತಿಗೆ ಕುತ್ತಿಗೆ ಮತ್ತು ಹಿನ್ನೆಲೆಯ ಕಪ್ಪು ಭಾಗಗಳು ಹೊಳಪು ಕಳೆದುಕೊಂಡು ಬೂದಿ ಹಿಡಿದಂತಾಗಿದ್ದವು. ಕೆಳಪದರ ಎಣ್ಣೆ ಕುಡಿದುಬಿಟ್ಟಾಗ ಹೀಗಾಗುತ್ತದೆ. ಆ ಮಂಕಿನ ಪಕ್ಕದಲ್ಲಿ ಬಣ್ಣ ಕಲಸಿದರೆ ಎಲ್ಲವೂ ತಪ್ಪುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಿದೆಯೆಂದು ಖಾತ್ರಿ ಮಾಡಿಕೊಂಡು, ಅಗಸೆ ಎಣ್ಣೆ-ಟರ್ಪೆಂಟೈನ್ ಸಮಪಾಲು ಬೆರೆಸಿ, ಬಟ್ಟೆಯಲ್ಲಿ ತೆಳುವಾಗಿ ಸವರಿ, ಎರಡು ನಿಮಿಷ ಬಿಟ್ಟು ಪೂರ್ತಿ ಒರೆಸಿದೆ. ಕತ್ತಲೆ ಮತ್ತೆ ಕತ್ತಲೆಯಾಯಿತು.

ಎಣ್ಣೆ ಒರೆಸಿದ ಬಟ್ಟೆಗಳ ಬಗ್ಗೆ ಗಂಭೀರವಾಗಿ ಹೇಳಲೇಬೇಕು. ಗಟ್ಟಿಯಾಗುವಾಗ ಅಗಸೆ ಎಣ್ಣೆ ಶಾಖ ಬಿಡುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಆ ಶಾಖ ಹೊರಹೋಗದೆ, ಯಾರೂ ಕಡ್ಡಿ ಗೀರದೆಯೇ ಬೆಂಕಿ ಹತ್ತಿಕೊಳ್ಳಬಹುದು. ನಾನು ಬಟ್ಟೆಗಳನ್ನು ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿಡುತ್ತೇನೆ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರುತ್ತದೆ. ಕ್ಯಾಡ್ಮಿಯಂ ಬೆರಳಿಗೆ ಹತ್ತಿದರೆ ಕೂಡಲೇ ಸೋಪಿನಲ್ಲಿ ತೊಳೆಯುತ್ತೇನೆ.

ಹದಿನಾಲ್ಕನೆಯ ದಿನ

ಕೊನೆಯ ಕೂಟದಲ್ಲಿ ಮಾಡಿದ್ದು ಬಹಳ ಕಡಿಮೆ. ಅಪ್ಪ ಎಂದಿನಂತೆ ಕೂರುವ ಮೊದಲು ಕನ್ನಡಕ ತೆಗೆದು ಜೇಬಿಗಿಟ್ಟರು. ಮೂಗಿನ ಎರಡೂ ಬದಿಯಲ್ಲಿ ಕನ್ನಡಕದ ಗುರುತು, ಅಕ್ಕಪಕ್ಕ ಒತ್ತಿದ ಉಗುರಿನಂಥ ಎರಡು ಸಣ್ಣ ತಗ್ಗು, ಅಂಚಿನಲ್ಲಿ ಸ್ವಲ್ಪ ಕೆಂಪು. ಆರು ವಾರದಿಂದ ಪ್ರತಿ ದಿನ ಕಂಡಿದ್ದೆ, ಬರೆದಿರಲಿಲ್ಲ. ಬೆಳಕಿನ ಬದಿಯದಕ್ಕೆ ಸಿಯೆನ್ನಾ-ಅಲಿಜರಿನ್ನಿನ ಒಂದು ಸ್ಪರ್ಶ, ಅದರ ಕೆಳ ಅಂಚಿಗೆ ತೆಳು ಬೆಳಕಿನ ಒಂದು ಗೆರೆ. ನೆರಳಿನ ಬದಿಯದಕ್ಕೆ ಒಂದೇ ಗಾಢ ಚುಕ್ಕೆ. ನಾಲ್ಕು ನಿಮಿಷದ ಕೆಲಸ. ಮುಖ ಸರಿಯಾದ ಜಾಗದಲ್ಲಿ ನಿಂತಿದ್ದರಿಂದ ಅದು ಅಲ್ಲಿ ನಿಂತಿತು.

ಎಡಕಿವಿ ಇನ್ನೂ ಅಂಬರಿನಲ್ಲೇ ಇದೆ, ಅಂಗಿಯ ಕಾಲರಿಗೆ ಎರಡೇ ಬ್ರಶ್ಶೇಟು. ಎರಡನ್ನೂ ಹಾಗೇ ಬಿಟ್ಟಿದ್ದೇನೆ, ತಿದ್ದಿದರೆ ಕಣ್ಣು ಅತ್ತ ಓಡುತ್ತದೆ.

ಅಪ್ಪ ಬಂದು ನೋಡಿ ಏನೂ ಹೇಳಲಿಲ್ಲ. ಮೂಗಿನ ಮೇಲೆ ಬೆರಳಿಟ್ಟು ಆ ತಗ್ಗನ್ನು ಮುಟ್ಟಿ ನೋಡಿಕೊಂಡು, ಕನ್ನಡಕ ಹಾಕಿಕೊಂಡು ಹೊರಗೆ ಹೋದರು.

ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟಿಲ್ಲ. ಕತ್ತಲೆಯಲ್ಲಿ ಒಣಗಿದ ಅಗಸೆ ಎಣ್ಣೆ ಹಳದಿಯಾಗುತ್ತದೆ, ಅದಕ್ಕೇ ನೇರ ಬಿಸಿಲು ತಾಗದ, ಬೆಳಕು ಬರುವ ಜಾಗದಲ್ಲಿ ಧೂಳು ಕೂರದಂತೆ ಸ್ವಲ್ಪ ಮುಂದಕ್ಕೆ ವಾಲಿಸಿ ನಿಲ್ಲಿಸಿದ್ದೇನೆ. ಹಿಂಬದಿಯ ಮರದ ಚೌಕಟ್ಟಿನ ಮೇಲೆ ಏಳು ಬಣ್ಣಗಳ ಹೆಸರು, ಬಳಸಿದ ಎಣ್ಣೆ, ಕೊನೆಯ ಪದರ ಬಿದ್ದ ದಿನ ಬರೆದಿದ್ದೇನೆ. ವಾರ್ನಿಶ್‌ಗೆ ಕಡಿಮೆಯೆಂದರೆ ಆರು ತಿಂಗಳು, ಹಣೆಯ ದಪ್ಪ ಬಣ್ಣಕ್ಕೆ ಇನ್ನೂ ಹೆಚ್ಚು ಬೇಕಾಗಬಹುದು. ಆಗ ಮೂಲೆಯಲ್ಲೊಂದು ಕಡೆ ಟರ್ಪೆಂಟೈನ್ ಸೋಕಿಸಿದ ಹತ್ತಿಯಿಂದ ಹಗುರಾಗಿ ಒತ್ತಿ ನೋಡುತ್ತೇನೆ. ಹತ್ತಿಗೆ ಬಣ್ಣ ಹತ್ತಿದರೆ ಇನ್ನೂ ಕಾಯುವುದು.